ಸೆಲ್ಫ್ ಮೋಟಾರ್: ಬಿಚ್ಚಿ ನೋಡದೆ ದುಡ್ಡು ಬಿಚ್ಚಬೇಡಿ

ಕಳೆದ ತಿಂಗಳು ಕಿಬ್ಬನಹಳ್ಳಿ ಕ್ರಾಸ್‌ನ ಪೆಟ್ರೋಲ್ ಬಂಕಿನಲ್ಲಿ ನನ್ನ ಕಾರು ಮಾನ ಕಳೆಯಿತು. ಪೆಟ್ರೋಲ್ ಹಾಕಿಸಿ, ದುಡ್ಡು ಕೊಟ್ಟು, ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’. ಅಷ್ಟೇ. ಹಿಂದೆ ಎರಡು ಲಾರಿ, ಒಂದು ಟ್ರ್ಯಾಕ್ಟರ್, ಹಾರ್ನ್ ಮೇಲೆ ಹಾರ್ನ್. ಹಳೇ ಅಂಬಾಸಡರ್ ಆಗಿದ್ದರೆ ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಬಹುದಿತ್ತು, ಈಗಿನ ಕಾರಿಗೆ ಆ ತೂತೂ ಇಲ್ಲ. ಬಂಕಿನ ಹುಡುಗರಿಬ್ಬರು ತಳ್ಳಿದರು, ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಸ್ಟಾರ್ಟ್ ಆಯಿತು. ತಿಪಟೂರಿನ ಮನೆ ಸೇರುವ ತನಕ ಆಫ್ ಮಾಡಲಿಲ್ಲ. ದಾರಿಯಲ್ಲಿ ಹೆಂಡತಿ ಎಳನೀರು ಬೇಕು ಅಂದಾಗಲೂ ಇಂಜಿನ್ ಓಡುತ್ತಲೇ ಇತ್ತು.

2009ರ ಸಣ್ಣ ಪೆಟ್ರೋಲ್ ಕಾರು, 1 ಲಕ್ಷ 20 ಸಾವಿರ ಕಿಲೋಮೀಟರ್ ಓಡಿದೆ. ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟಾರನ್ನು ಇಲ್ಲಿವರೆಗೆ ಯಾರೂ ಮುಟ್ಟಿರಲಿಲ್ಲ. ಇದೇನೂ ದಿಢೀರ್ ಅಂತ ಬಂದ ರೋಗ ಅಲ್ಲ. ಎರಡು ತಿಂಗಳಿಂದ ಒಮ್ಮೆ ಸೆಲ್ಫ್ ತಗೊಳ್ಳೋದು, ಒಮ್ಮೆ ಇಲ್ಲ, ಮೂರನೇ ಸಲ ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ನಾನು ಬ್ಯಾಟರಿ ಅಂದುಕೊಂಡು 4,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದ್ದೆ. ದಡ್ಡತನ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡಿದ್ದರೆ ಪುಕ್ಕಟೆಯಾಗಿ ಗೊತ್ತಾಗುತ್ತಿತ್ತು. ಲೈಟು ಪೂರ್ತಿ ಮಂಕಾಗಿ ‘ಟಕಟಕಟಕ’ ಅಂದರೆ ಬ್ಯಾಟರಿ ವೀಕ್, ಇಲ್ಲಾ ಟರ್ಮಿನಲ್ ಸಡಿಲ. ಲೈಟು ಹಾಗೇ ಇದ್ದು ಒಂದೇ ‘ಟಕ್’ ಅಂದರೆ ಕರೆಂಟು ಮೋಟಾರಿನೊಳಗೆ ಹೋಗುತ್ತಿಲ್ಲ. ಸೊಲೆನಾಯ್ಡ್, ಅಂದರೆ ಮೋಟಾರಿಗೆ ಕರೆಂಟು ಬಿಡೋ ಅಯಸ್ಕಾಂತದ ಸ್ವಿಚ್, ಎಳೀತಿದೆ, ಆಮೇಲೆ ಎಲ್ಲೋ ಕಟ್.

ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. ‘ಸಾರ್, ಫುಲ್ ಅಸೆಂಬ್ಲಿ ಚೇಂಜ್, ಲೇಬರ್ ಸೇರಿ 6,200.’ ಗಾಡಿ ನೋಡದೆ, ಬಿಚ್ಚದೆ, ಫೋನಲ್ಲೇ. ಅವರನ್ನು ಬೈಯಲ್ಲ, ಬಿಚ್ಚಿ ಬ್ರಷ್ ಹಾಕುತ್ತಾ ಕೂರೋದು ಅವರ ಕೆಲಸ ಅಲ್ಲ.

ನಾನು ಹೋಗಿದ್ದು ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಅರವತ್ತು ದಾಟಿದ ಮನುಷ್ಯ, ಅಂಗಡಿ ಅಂದರೆ ಒಂದು ತಗಡಿನ ಶೀಟು, ಒಂದು ಬೆಂಚು. ‘ಅಣ್ಣಾ, ರಿಪೇರಿ ಆಗುತ್ತೋ ಹೊಸದೇ ಹಾಕ್ಬೇಕೋ?’ ಅಂದೆ. ‘ಸಿಪ್ಪೆ ಬಿಚ್ಚದೆ ಒಳಗಿನ ಕೊಬ್ಬರಿ ಹೇಗಿದೆ ಅಂತ ಹೇಳೋಕಾಗುತ್ತಾ ಮೇಷ್ಟ್ರೇ?’ ಅಂದರು. ತಿಪಟೂರಲ್ಲಿ ಇದಕ್ಕಿಂತ ಮೇಲಿನ ಮಾತಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಸೆಲ್ಫ್‌ಗೆ ಬರೋ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟು ಇದ್ದೇ ಇರುತ್ತೆ, ಸ್ಪ್ಯಾನರ್ ಕಾರಿನ ಲೋಹಕ್ಕೆ ತಾಗಿದರೆ ದೀಪಾವಳಿನೇ. ಎರಡು ಬೋಲ್ಟು ತೆಗೆದು ಮೋಟಾರ್ ಇಳಿಸಿ, ಬೆಂಚಿನ ಮೇಲೆ ಬಿಚ್ಚಿದರೆ ಒಳಗಿಂದ ಕರೀ ಪುಡಿ ಉದುರಿತು. ತಿರುಗೋ ಭಾಗಕ್ಕೆ ಕರೆಂಟು ದಾಟಿಸೋ ಕಾರ್ಬನ್ ಬ್ರಷ್ ನಾಲ್ಕು. ಹೊಸದು ಒಂದೂವರೆ ಸೆಂಟಿಮೀಟರಿನ ಹತ್ತಿರ ಇರುತ್ತೆ, ನನ್ನವು ಸವೆದು ಸವೆದು ಹುರಿಗಡಲೆಯಷ್ಟಾಗಿದ್ದವು. ಬ್ರಷ್ ಗಿಡ್ಡವಾದರೆ ಹಿಂದಿನ ಸ್ಪ್ರಿಂಗ್ ಅದನ್ನು ಕಮ್ಯುಟೇಟರಿಗೆ, ಅಂದರೆ ಶಾಫ್ಟಿನ ಸುತ್ತಲಿನ ತಾಮ್ರದ ಪಟ್ಟಿಗಳಿಗೆ, ಒತ್ತಲ್ಲ. ಒಮ್ಮೆ ತಾಗುತ್ತೆ, ಒಮ್ಮೆ ಇಲ್ಲ. ಅದಕ್ಕೇ ಆ ಕಣ್ಣಾಮುಚ್ಚಾಲೆ. ಮೋಟಾರಿಗೆ ಸ್ಪ್ಯಾನರಿನಿಂದ ಎರಡು ತಟ್ಟಿದರೆ ಸ್ಟಾರ್ಟ್ ಆಗೋದೂ ಅದಕ್ಕೇ, ಅಲುಗಾಡಿ ಬ್ರಷ್ ತಾಗುತ್ತೆ. ಮೆಲ್ಲಗೆ ತಟ್ಟಿ ಮತ್ತೆ. ಎಷ್ಟೋ ಸಣ್ಣ ಕಾರುಗಳ ಸೆಲ್ಫ್‌ನೊಳಗೆ ಕಾಯಿಲ್ ಬದಲು ಮ್ಯಾಗ್ನೆಟ್ ಅಂಟಿಸಿರುತ್ತಾರೆ, ಸುತ್ತಿಗೆ ಏಟಿಗೆ ಅದು ಬಿರುಕು ಬಿಟ್ಟರೆ ಮೋಟಾರ್ ಕಥೆ ಮುಗಿದ ಹಾಗೆ.

ಆಮೇಲೆ ಅವರು ನೋಡಿದ್ದು ಆರ್ಮೇಚರ್, ಮೋಟಾರಿನೊಳಗೆ ತಿರುಗೋ ತಂತಿ ಸುತ್ತಿದ ಭಾಗ. ನನ್ನ ಲೆಕ್ಕದಲ್ಲಿ ರಿಪೇರಿಯೋ ಹೊಸದೋ ಅನ್ನೋದು ತೀರ್ಮಾನ ಆಗೋದು ಇಲ್ಲೇ. ತಾಮ್ರದ ಪಟ್ಟಿಗಳು ಸುಟ್ಟಿಲ್ಲ, ಎದ್ದಿಲ್ಲ, ವೈಂಡಿಂಗ್ ವಾಸನೆ ಹೊಡೀತಿಲ್ಲ, ಬಲ್ಬು ಹಿಡಿದು ನೋಡಿದರೆ ಶಾಫ್ಟಿಗೆ ಶಾರ್ಟ್ ಆಗಿಲ್ಲ. ಸ್ಯಾಂಡ್‌ಪೇಪರ್ ಹಿಡಿದು ಕಮ್ಯುಟೇಟರ್ ಉಜ್ಜಿ, ಪಟ್ಟಿಗಳ ನಡುವಿನ ಸಂದು ಕೆರೆದು, ಹೊಸ ಬ್ರಷ್ ಹಾಕಿದರು. ಶಾಫ್ಟಿನ ತುದಿ ಹಿಡಿದಿಡೋ ಬುಶ್ ಎರಡೂ ಸಡಿಲ ಆಗಿದ್ದವು, ಬದಲಾಯಿಸಿದರು. ಬುಶ್ ಸವೆದರೆ ಆರ್ಮೇಚರ್ ವಾಲಿ ಸುತ್ತಲಿನ ಮ್ಯಾಗ್ನೆಟ್ಟಿಗೆ ಉಜ್ಜುತ್ತೆ, ಕರೆಂಟು ಜಾಸ್ತಿ ಎಳೆಯುತ್ತೆ, ಇಂಜಿನ್ ಬಿಸಿಯಾಗಿದ್ದಾಗ ‘ಊಂ... ಊಂ...’ ಅಂತ ನರಳುತ್ತೆ. ಮೋಟಾರಿನ ಹಲ್ಲುಚಕ್ರವನ್ನು ಇಂಜಿನ್‌ಗೆ ಸಿಕ್ಕಿಸೋ ಬೆಂಡಿಕ್ಸ್ ಚೆನ್ನಾಗೇ ಇತ್ತು. ಅದು ಹೋಗಿದ್ದರೆ ಮೋಟಾರ್ ‘ಝುಯ್’ ಅಂತ ಸುಮ್ನೆ ತಿರುಗುತ್ತೆ, ಇಂಜಿನ್ ಕದಲಲ್ಲ. ಅದೂ ಬಿಡಿಯಾಗಿ ಸಿಗುತ್ತೆ, ಅದೊಂದಕ್ಕೋಸ್ಕರ ಇಡೀ ಮೋಟಾರ್ ಬಿಸಾಡಬೇಕಿಲ್ಲ.

ಸಾಮಾನು, ಕೂಲಿ ಸೇರಿ 950 ರೂಪಾಯಿ. ಎರಡು ಗಂಟೆ, ಎರಡು ಟೀ.

ಹಾಗಂತ ಯಾವಾಗಲೂ ರಿಪೇರಿನೇ ಸರಿ ಅಂತ ನಾನು ಹೇಳ್ತಿಲ್ಲ. ನಮ್ಮಪ್ಪನ ಡೀಸೆಲ್ ಜೀಪಿನ ಕಥೆ ಇದಕ್ಕೆ ಉಲ್ಟಾ. ಅದರ ಆರ್ಮೇಚರ್ ಸುಟ್ಟಿತ್ತು, ಅಪ್ಪ ಬಿಡಲಿಲ್ಲ, ರೀವೈಂಡಿಂಗ್ ಮಾಡಿಸಿದರು. ಐದು ತಿಂಗಳು ಬಂತು. ಮತ್ತೆ ಮಾಡಿಸಿದರು, ಆ ಸಲ ಸೊಲೆನಾಯ್ಡ್ ಕೂಡ. ಮೂರನೇ ಸಲ ಅಡಿಕೆ ಮೂಟೆ ತುಂಬಿಕೊಂಡು ತೋಟದಲ್ಲೇ ನಿಂತಾಗ ಲೆಕ್ಕ ಹಾಕಿದರೆ, ಹೊಸ ಮೋಟಾರಿನ ದುಡ್ಡು ಯಾವಾಗಲೋ ಖರ್ಚಾಗಿತ್ತು. ಸ್ಟಾರ್ಟ್ ಆಗೋ ಆ ಎರಡು ಸೆಕೆಂಡು ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತೆ, ಪಂಪ್‌ಸೆಟ್ ಮೋಟಾರ್ ಸುತ್ತಿದ ಹಾಗೆ ಸುತ್ತಿಕೊಟ್ಟರೆ ಅದು ತಡೆಯಲ್ಲ. ಹಾಗಾಗಿ ನಾನಾದರೆ ಬ್ರಷ್, ಬುಶ್, ಬೆಂಡಿಕ್ಸ್ ಆದರೆ ಕಣ್ಣು ಮುಚ್ಚಿ ರಿಪೇರಿ. ಆರ್ಮೇಚರ್ ಸುಟ್ಟರೆ ಹೊಸದು, ಅದೂ ಒರಿಜಿನಲ್ಲೇ. ಅರ್ಧ ರೇಟಿಗೆ ಸಿಗೋ ಹೆಸರಿಲ್ಲದ ಹೊಸ ಮಾಲಿಗಿಂತ ರಿಪೇರಿಯಾದ ಹಳೇ ಒರಿಜಿನಲ್ಲೇ ವಾಸಿ ಅಂತ ನಮ್ಮ ಎಲೆಕ್ಟ್ರಿಷಿಯನ್ ಅಣ್ಣನೂ ಹೇಳಿದರು. ಮಾರಿದರೆ ಅವರಿಗೇ ಲಾಭ ಇತ್ತು, ಆದರೂ ಹೇಳಿದರು.

ಈಗ ಕೀ ಮುಟ್ಟಿದರೆ ಸಾಕು, ಗಾಡಿ ಸ್ಟಾರ್ಟ್. ಹಳೇ ಬ್ಯಾಟರಿಯನ್ನು ಮಾತ್ರ ಎಕ್ಸ್‌ಚೇಂಜಿಗೆ 600 ರೂಪಾಯಿಗೆ ಕೊಟ್ಟುಬಿಟ್ಟಿದ್ದೆ. ಅದು ಚೆನ್ನಾಗೇ ಇತ್ತು ಅಲ್ವಾ ಅಂತ ಹೆಂಡತಿ ಪ್ರತಿ ಸಲ ಕಾರು ಹತ್ತಿದಾಗಲೂ ಕೇಳುತ್ತಾಳೆ.