ಬೀದಿಗೆ ಮುಖ ಮಾಡಿದ ನೀಲಿ

ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ ನಮ್ಮ ಮೊದಲ ಬೆಳಗು ಮಳೆಯಲ್ಲೇ ಆಯಿತು. ಅಟ್ಲಾಂಟಿಕ್ ಕಡೆಯಿಂದ ಓರೆಯಾಗಿ ಬೀಸುವ ಅಕ್ಟೋಬರಿನ ಮಳೆ; ಕೊಡೆ ಹಿಡಿದರೂ ಮೊಣಕಾಲಿನಿಂದ ಕೆಳಗೆ ತೊಯ್ದು ತೊಪ್ಪೆ. ಹೊನ್ನಾವರದ ಮಳೆಗಾಲ ಕಂಡ ಅಮ್ಮನಿಗೆ ಮಳೆ ಹೊಸದಲ್ಲ, ಆ ಚಳಿ ಮಾತ್ರ ಹೊಸದು. ಎದುರಿಗೆ ಕಂಡ ದೊಡ್ಡ ಕಟ್ಟಡದೊಳಗೆ ಅವಳ ಕೈ ಹಿಡಿದು ಹೊಕ್ಕೆ. ಹೊಕ್ಕವಳು ಕೊಡೆ ಮಡಚುವುದನ್ನೂ ಮರೆತು ನಿಂತೆ.

ಅದು ಸಾವೊ ಬೆಂಟೊ ರೈಲು ನಿಲ್ದಾಣ. ನಮ್ಮ ಪಟ್ಟಿಯಲ್ಲಿ ಅದು ಮರುದಿನಕ್ಕಿತ್ತು. ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠವಿದ್ದ ಜಾಗದಲ್ಲಿ ಎದ್ದ ಈ ನಿಲ್ದಾಣದ ಹಜಾರದಲ್ಲಿ ಸುಮಾರು 20,000 ಟೈಲ್‌ಗಳಿವೆ. 1905ರಿಂದ 1916ರವರೆಗೆ ಅವುಗಳ ಕೆಲಸ ನಡೆಸಿದವನು ಜೋರ್ಜ್ ಕೊಲಾಸೊ ಎಂಬ ಕಲಾವಿದ. ಬಿಳಿಯ ಮೇಲೆ ನೀಲಿ, ಆಳೆತ್ತರಕ್ಕೂ ಮೀರಿ ಎಲ್ಲ ಕಡೆ ನೀಲಿ. ಕುದುರೆಗಳು ಕೆನೆಯುತ್ತಿವೆ, ಭರ್ಜಿಗಳು ಅಡ್ಡಾದಿಡ್ಡಿ ಎದ್ದಿವೆ. 1387ರಲ್ಲಿ ರಾಜನ ಮದುವೆಗೆ ಊರು ಸಿಂಗರಿಸಿಕೊಂಡಿದೆ, 1415ರಲ್ಲಿ ಸೇನೆ ಸಮುದ್ರ ದಾಟಿ ಆಫ್ರಿಕಾದ ಸೆಯುತಾ ಕೋಟೆ ಹಿಡಿಯುತ್ತಿದೆ. ಕೆಳಗಿನ ಸಾಲುಗಳಲ್ಲಿ ರಾಜರಿಲ್ಲ. ಅಲ್ಲಿ ದ್ರಾಕ್ಷಿ ಕೊಯ್ಲು, ಎತ್ತಿನ ಗಾಡಿ, ನೀರಿನ ಗಿರಣಿ, ಜಾತ್ರೆಗೆ ಹೊರಟ ಹೆಂಗಸರು.

ಅಮ್ಮ ನಿಂತದ್ದು ಒಂದೇ ಚಿತ್ರದ ಮುಂದೆ. ಒಬ್ಬ ಮುದುಕ, ಹೆಂಡತಿ, ಮಕ್ಕಳು. ಕೊರಳಿಗೆ ಹಗ್ಗ, ಎದುರಿಗೆ ರಾಜ. ಎಗಾಸ್ ಮೊನಿಜ್‌ನ ಕಥೆ ಅದು. ಪೋರ್ಚುಗಲ್‌ನ ಮೊದಲ ರಾಜನನ್ನು ಬಾಲ್ಯದಿಂದ ಬೆಳೆಸಿದವನು ಅವನು. ತನ್ನ ಒಡೆಯ ನಿಮಗೆ ತಲೆಬಾಗುತ್ತಾನೆಂದು ನೆರೆಯ ಲಿಯೋನ್ ನಾಡಿನ ರಾಜನಿಗೆ ಮಾತು ಕೊಟ್ಟಿದ್ದ, ಒಡೆಯ ತಲೆಬಾಗಲಿಲ್ಲ. ಕೊಟ್ಟ ಮಾತಿಗೆ ತನ್ನ ಮತ್ತು ಮನೆಯವರ ಪ್ರಾಣವೇ ಅಡವು ಎಂದು ಹಗ್ಗ ಕಟ್ಟಿಕೊಂಡು ಹೋಗಿ ನಿಂತ. ಇಷ್ಟನ್ನು ಹೇಳಿದೆ. ಅಮ್ಮ ಕೇಳಿದಳು: "ಕೊಂದನೇ?" "ಇಲ್ಲಮ್ಮಾ, ಮೆಚ್ಚಿ ಬಿಟ್ಟನಂತೆ." ಅವಳ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಸುತ್ತಲೂ ಜನ ಪೆಟ್ಟಿಗೆ ಎಳೆದುಕೊಂಡು ರೈಲು ಹಿಡಿಯಲು ಓಡುತ್ತಿದ್ದರು. ಈ ಗೋಡೆ ನೋಡಲು ಟಿಕೆಟ್ ಬೇಕಿಲ್ಲ, ಬಾಗಿಲಿನ ಹೊತ್ತು ಕಾಯಬೇಕಿಲ್ಲ. ಕೆಲಸಕ್ಕೆ ಹೋಗುವವರು ದಿನಕ್ಕೆರಡು ಸಲ ಇದರ ಕೆಳಗೇ ಹಾದು ಹೋಗುತ್ತಾರೆ. ಈ ನಾಡಿನ ಬಗ್ಗೆ ನನ್ನ ಮನಸ್ಸು ಅಲ್ಲೇ ಕರಗಿತು.

ಈ ಟೈಲ್‌ಗಳಿಗೆ ಪೋರ್ಚುಗೀಸರು ಹೇಳುವುದು ಅಜುಲೇಜು. ಅವರ ಭಾಷೆಯಲ್ಲಿ ಅಜುಲ್ ಎಂದರೆ ನೀಲಿ, ಹಾಗಾಗಿ ಹೆಸರು ಅಲ್ಲಿಂದಲೇ ಬಂದಿರಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದು ಅರಬ್ಬಿ ಮಾತು, ನುಣುಪು ಮಾಡಿದ ಚಿಕ್ಕ ಕಲ್ಲು ಎಂಬ ಅರ್ಥದ್ದು. 1498ರಲ್ಲಿ ಸ್ಪೇನಿಗೆ ಹೋಗಿದ್ದ ರಾಜ ಮೊದಲನೆಯ ಮ್ಯಾನುಯೆಲ್ ಅಲ್ಲಿ ಹಿಂದೆ ಆಳಿದ ಮೂರ್ ಎಂಬ ಮುಸ್ಲಿಮರ ಶೈಲಿಯ ಗೋಡೆಗಳಿಗೆ ಮನಸೋತು ಸೆವಿಲ್‌ನಿಂದ ಟೈಲ್ ತರಿಸಿದ. ಲಿಸ್ಬನ್ ಹತ್ತಿರದ ಸಿಂತ್ರಾ ಅರಮನೆಯಲ್ಲಿ ಅವು ಇಂದಿಗೂ ಇವೆ. ಅವುಗಳಲ್ಲಿ ಹಸಿರೂ ಇದೆ, ಕಂದೂ ಇದೆ. ನೀಲಿಯ ಹುಚ್ಚು ಹತ್ತಿದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ, ಚೀನಾದ ಪಿಂಗಾಣಿಯನ್ನೂ ಹಾಲೆಂಡಿನ ಟೈಲ್‌ಗಳನ್ನೂ ಕಂಡ ಮೇಲೆ. ಅರಮನೆ, ಚರ್ಚುಗಳ ಒಳಗಿದ್ದ ಈ ಸಿಂಗಾರ 19ನೇ ಶತಮಾನದಲ್ಲಿ ಸಾಮಾನ್ಯರ ಮನೆಗಳ ಹೊರಮೈಗೆ ಬಂತು. ಬ್ರೆಜಿಲ್‌ಗೆ ದುಡಿಯಲು ಹೋಗಿ ಹಣ ಮಾಡಿ ಮರಳಿದವರು ಅಲ್ಲಿ ಕಂಡ ಟೈಲ್ ಮುಖದ ಮನೆಗಳನ್ನು ಇಲ್ಲೂ ಕಟ್ಟಿಸಿದರು. ಮಳೆ ಬಿದ್ದರೆ ತೊಳೆದಂತಾಗುತ್ತದೆ, ಬಿಸಿಲು ಬಿದ್ದರೆ ಹೊಳೆಯುತ್ತದೆ. ನೋಡುವ ಸುಖ ಮಾತ್ರ ಮನೆಯೊಳಗೆ ಕುಳಿತವರಿಗಿಂತ ಬೀದಿಯಲ್ಲಿ ನಡೆಯುವವರಿಗೇ ಹೆಚ್ಚು.

ಮಳೆ ಹೊಳವಾದ ಮೇಲೆ ಸಾಂತಾ ಕತರೀನಾ ಬೀದಿಯ ಅಲ್ಮಾಸ್ ಪ್ರಾರ್ಥನಾ ಮಂದಿರ ನೋಡಿದೆವು. ಹೊರಗೋಡೆಯೆಲ್ಲ ನೀಲಿ ಚಿತ್ರ, 1929ರ ಕೆಲಸ. ಎಲ್ಲರೂ ಎದುರಿನ ಪಾದಚಾರಿ ದಾರಿಯಿಂದ ಫೋಟೊ ತೆಗೆಯುತ್ತಾರೆ, ನಾವೂ ತೆಗೆದೆವು. ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಅಲ್ಲಿಂದ ಎರಡು ತಿರುವು ದಾಟಿದ ಮೇಲೆ ಸಿಕ್ಕ, ಹೆಸರೇ ಇಲ್ಲದ ಒಂದು ಮನೆ. ಮೂರು ಅಂತಸ್ತು, ಕಬ್ಬಿಣದ ಕಟಕಟೆಯ ಕಿಟಕಿಗಳು, ಒಂದರಲ್ಲಿ ಒಣಗಹಾಕಿದ ಟವೆಲ್. ಗೋಡೆ ತುಂಬ ಹಳದಿ ಮತ್ತು ನೀಲಿಯ ಒಂದೇ ವಿನ್ಯಾಸ: ಪ್ರತಿ ಟೈಲ್‌ನ ಮೂಲೆಯಲ್ಲಿ ಹೂವಿನ ಕಾಲು ಭಾಗ, ನಾಲ್ಕು ಟೈಲ್ ಕೂಡಿದಾಗ ಇಡೀ ಹೂವು. ದಿನವೂ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಅಮ್ಮನಿಗೆ ಇಂಥ ಕಡೆ ಕಣ್ಣು ಬಲು ಚುರುಕು.

"ಕೂಸೆ, ಇಲ್ಲೊಂದು ಹೂವು ಮುರಿದಿದೆ ನೋಡು."

ಅವಳು ತೋರಿಸಿದ ಕಡೆ ನೋಡಿದೆ. ಬಾಗಿಲಿನ ಬಲಕ್ಕೆ, ನನ್ನ ಭುಜದ ಮಟ್ಟದಲ್ಲಿ, ಒಂದು ಟೈಲ್ ಕಾಲು ಸುತ್ತು ತಿರುಗಿ ಕುಳಿತಿತ್ತು. ಹೂವಿನ ಎಸಳು ಪಕ್ಕದ ಎಸಳನ್ನು ಸೇರದೆ ಹೊರಕ್ಕೆ ಮುಖ ಮಾಡಿತ್ತು. ಯಾವ ಕೆಲಸಗಾರನ ಕೈ ಆ ದಿನ ದಣಿದಿತ್ತೋ, ಇಲ್ಲವೇ ಬಿದ್ದುಹೋದದ್ದನ್ನು ಮುಂದೆ ಯಾರೋ ಮತ್ತೆ ಅಂಟಿಸಿದರೋ. ಅಮ್ಮ ಅದರ ಮೇಲೆ ಬೆರಳಾಡಿಸಿದಳು. ಮುಟ್ಟಿದಾಗ ಮೇಲ್ಮೈ ಸಮವಿಲ್ಲ. ಮೆರುಗು ಒಂದೆಡೆ ದಪ್ಪ, ಒಂದೆಡೆ ತೆಳು, ಅಂಚಿನಲ್ಲಿ ಸೂಜಿಮೊನೆಯಷ್ಟು ತೂತುಗಳು. ಅಳತೆಗೆ ಹದಿನಾಲ್ಕು ಸೆಂಟಿಮೀಟರ್ ಚೌಕ, ಒಂದು ಗೇಣಿಗಿಂತ ಕಡಿಮೆ. ಅಂದಿನಿಂದ ನಾವು ನೋಡುವ ಬಗೆಯೇ ಬದಲಾಯಿತು. ಇಡೀ ಗೋಡೆಯನ್ನು ಒಮ್ಮೆ ನೋಡಿ, ಆಮೇಲೆ ಹತ್ತಿರ ಹೋಗಿ ಒಂದೇ ಒಂದು ಚೌಕದ ಮುಂದೆ ನಿಲ್ಲುವುದು.

ಲಿಸ್ಬನ್‌ಗೆ ರೈಲಿನಲ್ಲಿ ಮೂರು ಗಂಟೆ. ಅಲ್ಲಿ ಒಂದು ಚಿಕ್ಕ ಕಾರ್ಯಾಗಾರದಲ್ಲಿ ಟೈಲ್ ಬರೆಯುವುದನ್ನು ಕುಳಿತು ನೋಡುವ ಅವಕಾಶ ಸಿಕ್ಕಿತು. ಮೊದಲು ತೆಳು ಕಾಗದದಲ್ಲಿ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಆ ಕಾಗದವನ್ನು ಬಿಳಿ ಮೆರುಗು ಬಳಿದ, ಇನ್ನೂ ಸುಡದ ಟೈಲ್ ಮೇಲಿಟ್ಟು ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟುತ್ತಾರೆ. ಕಾಗದ ಎತ್ತಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಮೂಡಿರುತ್ತದೆ. "ನಮ್ಮ ರಂಗೋಲಿ ಅಚ್ಚೇ ಇದು" ಎಂದು ಅಮ್ಮ ಮುಂದಕ್ಕೆ ಬಾಗಿದಳು. ಚುಕ್ಕಿಯ ಮೇಲೆ ಕುಂಚ ಆಡಿಸುವ ಹೆಂಗಸು ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಗೆರೆ ಮುಗಿಸುತ್ತಿದ್ದಳು. ಒಣ ಮೆರುಗು ಬಣ್ಣವನ್ನು ಕ್ಷಣದಲ್ಲಿ ಹೀರುತ್ತದೆ. ಅಳಿಸಿ ತಿದ್ದುವ ಮಾತಿಲ್ಲ. ಆಗ ಆ ಬಣ್ಣ ನೀಲಿಯೂ ಅಲ್ಲ, ಕಪ್ಪು ಬೆರೆತ ಬೂದು. ಅದು ಕೋಬಾಲ್ಟ್, ಸುಮಾರು ಸಾವಿರ ಡಿಗ್ರಿ ಬಿಸಿಯ ಗೂಡಿನಿಂದ ಹೊರಬಂದ ಮೇಲೆಯೇ ನೀಲಿಯಾಗುವುದು. ಬರೆಯುವವರು ಕಾಣದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು. ದೊಡ್ಡ ಚಿತ್ರವಾದರೆ ಪ್ರತಿ ಟೈಲ್‌ನ ಬೆನ್ನಿಗೂ ಒಂದು ಅಕ್ಷರ, ಒಂದು ಅಂಕಿ ಬರೆಯುತ್ತಾರೆ, ಗೋಡೆಗೆ ಹಚ್ಚುವವನಿಗೆ ಅದರ ಜಾಗ ತಿಳಿಯಲೆಂದು.

ಆ ಮಧ್ಯಾಹ್ನವೇ ರಾಷ್ಟ್ರೀಯ ಟೈಲ್ ಸಂಗ್ರಹಾಲಯಕ್ಕೆ ಹೋದೆವು. ರಾಣಿ ಲಿಯೊನೊರ್ 1509ರಲ್ಲಿ ಕಟ್ಟಿಸಿದ ಮಾದ್ರೆ ದ ದೆಯುಶ್ ಮಠವೇ ಈಗ ಸಂಗ್ರಹಾಲಯ. ಮೇಲಿನ ಅಂತಸ್ತಿನಲ್ಲಿ ಸುಮಾರು 23 ಮೀಟರ್ ಉದ್ದದ ಒಂದು ನೀಲಿ ಪಟ್ಟಿ. 1700ರ ಆಸುಪಾಸಿನ ಲಿಸ್ಬನ್, ತೇಜು ನದಿಯ ಮೇಲಿಂದ ಕಂಡಂತೆ: ಅರಮನೆ, ಚರ್ಚು, ಹಡಗುಕಟ್ಟೆ, ಸಣ್ಣ ಸಣ್ಣ ಮನೆಗಳು. 1755ರ ನವೆಂಬರ್ 1ರ ಭೂಕಂಪ, ಅದರ ಹಿಂದೆಯೇ ಬಂದ ಸಮುದ್ರದ ಅಲೆ ಮತ್ತು ಬೆಂಕಿ ಇದರಲ್ಲಿ ಬಹುಪಾಲನ್ನು ಅಳಿಸಿಹಾಕಿದವು. ಹಳೆಯ ಪಟ್ಟಣ ಹೇಗಿತ್ತೆಂದು ತಿಳಿಯಲು ಇಂದಿನವರು ಈ ಮಣ್ಣಿನ ಚೌಕಗಳ ಮುಂದೆ ಬಂದು ನಿಲ್ಲುತ್ತಾರೆ. ಪಟ್ಟಣ ಕುಸಿಯಿತು, ಅದರ ಚಿತ್ರ ಉಳಿಯಿತು. ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಸಲ ನಡೆದೆ.

ಮರುದಿನ ಲಿಸ್ಬನ್‌ನದೇ ಬಡಾವಣೆಯಾದ ಬೆಲೆಂ. ಜೆರೊನಿಮೊಸ್ ಮಠದ ಮುಂದಿನ ಸಾಲು ದೀರ್ಘವಾಗಿತ್ತು, ಅದನ್ನು ಬಿಡೋಣ. ಈ ಮಠ ನೋಡಲೇಬೇಕೆಂದು ನಾನು ಊರಿನಿಂದಲೇ ನಿಶ್ಚಯಿಸಿಕೊಂಡು ಬಂದದ್ದಕ್ಕೆ ಕಾರಣ ನಮ್ಮ ಮನೆಯ ಅಡಿಕೆ ತೋಟ. ತೋಟದ ಮರಮರಕ್ಕೂ ಕಾಳುಮೆಣಸಿನ ಬಳ್ಳಿ ಹಬ್ಬಿದೆ. 1501ರ ಸುಮಾರಿಗೆ ರಾಜ ಮ್ಯಾನುಯೆಲ್ ಈ ಮಠ ಆರಂಭಿಸಿದಾಗ ಅದಕ್ಕೆ ಹಣ ಒದಗಿಸಿದ್ದು ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆ. ಅದಕ್ಕೆ ಅವರು ಇಟ್ಟ ಹೆಸರು 'ಮೆಣಸಿನ ಇಪ್ಪತ್ತನೇ ಪಾಲು'. ಕೆಲಸ ಹೆಚ್ಚುಕಡಿಮೆ ನೂರು ವರ್ಷ ಸಾಗಿತು. ದಕ್ಷಿಣದ ಹೆಬ್ಬಾಗಿಲಿನ ಶಿಲ್ಪ ಎದ್ದ ಆಸುಪಾಸಿನಲ್ಲೇ, ಕೃಷ್ಣದೇವರಾಯನ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಅಲ್ಲಿನ ವೈಭವಕ್ಕೆ ಬೆರಗಾಗಿ ಬರೆಯುತ್ತಿದ್ದ. ಮಠದ ಕೆಲಸ ಕೊನೆಯ ಹಂತಕ್ಕೆ ಬಂದಾಗ ಗೇರುಸೊಪ್ಪೆಯಲ್ಲಿ ಆಳುತ್ತಿದ್ದವಳು ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕರೆದದ್ದೇ 'ಮೆಣಸಿನ ರಾಣಿ' ಎಂದು. ಗೇರುಸೊಪ್ಪೆ ಇರುವುದು ನಮ್ಮದೇ ತಾಲೂಕಿನಲ್ಲಿ.

ದಕ್ಷಿಣದ ಹೆಬ್ಬಾಗಿಲು 32 ಮೀಟರ್ ಎತ್ತರ. ಜುವಾವ್ ದ ಕಾಸ್ತಿಲ್ಯು ಎಂಬ ಶಿಲ್ಪಿಯ ಮುಂದಾಳತ್ವದಲ್ಲಿ ಎದ್ದದ್ದು. ಸಂತರು, ಪ್ರವಾದಿಗಳು, ಎಲೆ, ಹಕ್ಕಿ ಎಲ್ಲ ಸೇರಿ ಕಲ್ಲೇ ಕಸೂತಿಯಂತಾಗಿದೆ. ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಎರಡಂತಸ್ತಿನ ಅಂಗಳ. ಚಚ್ಚೌಕ ಬಯಲು, ಸುತ್ತ ಕಮಾನುಗಳ ಸಾಲು. ಲಿಯೋಜ್ ಎಂಬ ಸುಣ್ಣಕಲ್ಲು ಬೆಳಗಿನ ಬಿಸಿಲಿಗೆ ಬೆಣ್ಣೆ ಬಣ್ಣಕ್ಕೆ ತಿರುಗಿತ್ತು. ಕಂಬಗಳ ಸುತ್ತ ಹಗ್ಗ ಸುತ್ತಿದ್ದಾರೆ, ಕಲ್ಲಿನ ಹಗ್ಗ. ಹುರಿಯ ಒಂದೊಂದು ಎಳೆಯೂ ಎಣಿಸುವಂತಿದೆ. ಆಕಾಶದ ಗತಿ ತೋರಿಸುವ ಬಳೆಬಳೆಯ ಗೋಲ, ಶಿಲುಬೆ, ಹವಳದಂಥ ಕವಲುಗಳು. ಹಡಗಿನ ಬದುಕೆಲ್ಲ ಮಠದ ಕಂಬಕ್ಕೆ ಬಂದು ಹತ್ತಿದೆ. ಕಲಾಚರಿತ್ರೆಯವರು ಇದಕ್ಕೆ ಆ ರಾಜನ ಹೆಸರನ್ನೇ ಇಟ್ಟು ಮ್ಯಾನುಯೆಲೈನ್ ಶೈಲಿ ಎನ್ನುತ್ತಾರೆ.

ಒಂದು ಕಂಬಕ್ಕೆ ಬಳ್ಳಿ ಹಬ್ಬಿತ್ತು. ನಾನು ಸಂಭ್ರಮದಿಂದ ಅಮ್ಮನನ್ನು ಕರೆದೆ. ಅವಳು ಕನ್ನಡಕ ಸರಿಮಾಡಿಕೊಂಡು ಬುಡದಿಂದ ತುದಿಯವರೆಗೆ ನೋಡಿದಳು.

"ಇದು ಮೆಣಸಿನ ಬಳ್ಳಿ ಅಲ್ಲವೇ ಅಲ್ಲ. ಗಂಟಿನಲ್ಲಿ ಬೇರು ಎಲ್ಲಿದೆ? ಮೆಣಸು ಗಂಟುಗಂಟಿಗೂ ಬೇರು ಬಿಟ್ಟು ಮರ ಕಚ್ಚುತ್ತದೆ. ಎಲೆಯೂ ಹೀಗಿರುವುದಿಲ್ಲ."

ಹೌದು. ಕೆತ್ತಿದವರು ಕಂಡದ್ದು ಒಣಗಿದ ಕಪ್ಪು ಕಾಳನ್ನಷ್ಟೇ, ಬಳ್ಳಿಯನ್ನಲ್ಲ. ಆಮೇಲೆ ನಾವಿಬ್ಬರೂ ಕಂಬದಿಂದ ಕಂಬಕ್ಕೆ ಹುಡುಕಿದೆವು. ಒರಟು ಮುಳ್ಳಿನ ಎಲೆ ಸಿಕ್ಕಿತು, ದ್ರಾಕ್ಷಿ ಸಿಕ್ಕಿತು, ವಿಚಿತ್ರ ಪ್ರಾಣಿಗಳು ಸಿಕ್ಕವು. ಕಾಳು ಜೋತ ಮೆಣಸಿನ ಗೊಂಚಲು ನಮ್ಮ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಚರ್ಚಿನ ಗರ್ಭಭಾಗದಲ್ಲಿ ರಾಜ ರಾಣಿಯರ ಸಮಾಧಿಗಳನ್ನು ಹೊತ್ತು ನಿಂತ ಅಮೃತಶಿಲೆಯ ಆನೆಗಳು ಮಾತ್ರ ಪೂರ್ವದ ನೆನಪನ್ನು ಬಾಯಿಬಿಟ್ಟು ಹೇಳುತ್ತಿದ್ದವು. ಅಲ್ಲೇ ಪ್ರವೇಶದ ಬಳಿ ವಾಸ್ಕೋ ಡ ಗಾಮನ ಸಮಾಧಿ. 19ನೇ ಶತಮಾನದಲ್ಲಿ ಮಾಡಿದ್ದು, ಅದರ ಕೆತ್ತನೆಯೂ ಅಂದವಾಗಿದೆ. ಆದರೆ 1502ರಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದವರ ಹಡಗನ್ನು ಹೆಂಗಸರು ಮಕ್ಕಳಿರುವಂತೆಯೇ ಸುಡಿಸಿದವನು ಅವನು. ಮಲಬಾರಿನ ಕಡಲಿನಲ್ಲಿ ನಡೆದ ಆ ಕೃತ್ಯ ನೆನಪಾಗಿ ಅಲ್ಲಿ ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಕಂಬಗಳ ಚೆಲುವಿಗೆ ಕೈಮುಗಿಯುತ್ತೇನೆ. ಆ ಹಣ ಬಂದ ದಾರಿಯನ್ನು ಮರೆಯಲಾರೆ.

ಅಲ್ಲಿಂದ ನದಿ ದಂಡೆಯಲ್ಲಿ ನಡೆದು ಬೆಲೆಂ ಗೋಪುರ. 1514ರಲ್ಲಿ ಆರಂಭವಾದದ್ದು, ಫ್ರಾನ್ಸಿಸ್ಕೊ ದ ಅರುಡಾ ಕಟ್ಟಿದ್ದು. ಇಲ್ಲೂ ಇಡೀ ಕೋಟೆಗೆ ಕಲ್ಲಿನ ಹಗ್ಗ ಬಿಗಿದು ಗಂಟು ಹಾಕಿದ್ದಾರೆ. ಒಂದು ಮೂಲೆಯ ಕಾವಲುಗೂಡಿನ ಕೆಳಗೆ, ಹುಡುಕಿದರೆ ಮಾತ್ರ ಕಾಣುವಂತೆ, ಘೇಂಡಾಮೃಗದ ತಲೆ. ಗುಜರಾತಿನ ಸುಲ್ತಾನ ಭಾರತದ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಅಲ್ಬುಕರ್ಕನಿಗೆ ಕೊಟ್ಟ ಪ್ರಾಣಿ ಅದು. ಗೋವೆಯಿಂದ ಹಡಗೇರಿ 1515ರ ಮೇ 20ರಂದು ಲಿಸ್ಬನ್‌ನಲ್ಲಿ ಇಳಿಯಿತು. ಅವರು ಅದನ್ನು ಕರೆದದ್ದೂ 'ಗಂಡಾ' ಎಂದೇ. ಮುಂದೆ ಪೋಪ್‌ಗೆ ಕಾಣಿಕೆಯಾಗಿ ಕಳಿಸುವಾಗ ಹಡಗು ಒಡೆದು, ಸರಪಳಿಯಲ್ಲಿ ಕಟ್ಟಿದ್ದ ಆ ಜೀವ ಈಜಲಾಗದೆ ಮುಳುಗಿತು. ಐನೂರು ವರ್ಷದ ಉಪ್ಪುಗಾಳಿಗೆ ಕಲ್ಲಿನ ಮುಖ ಸವೆದಿದೆ. "ಪಾಪ" ಎಂದಳು ಅಮ್ಮ, ಆ ಪ್ರಾಣಿಯನ್ನು ಈಗಲೂ ಅಲ್ಲೇ ಕಟ್ಟಿಹಾಕಿದ್ದಾರೇನೋ ಎಂಬಂತೆ.

ಕೊನೆಯ ದಿನ ಒಂದು ಹಳೆಸಾಮಾನಿನ ಸಂತೆಗೆ ಹೋದೆವು. ನೆಲಕ್ಕೆ ಹಾಸಿದ ಜಮಖಾನೆಯ ಮೇಲೆ ಪಿಂಗಾಣಿ ಬಟ್ಟಲು, ತುಕ್ಕು ಹಿಡಿದ ಬೀಗ, ಅವುಗಳ ನಡುವೆ ಹಳೆಯ ಟೈಲ್‌ಗಳ ಒಂದು ರಾಶಿ. ಪಾಳುಬಿದ್ದ ಮನೆಗಳ ಗೋಡೆಯಿಂದ ಟೈಲ್ ಕಿತ್ತು ಮಾರುವುದು ಇಲ್ಲಿನ ದೊಡ್ಡ ಪಿಡುಗು. ಅದನ್ನು ತಡೆಯಲೆಂದೇ 2007ರಲ್ಲಿ ಪೊಲೀಸ್ ಇಲಾಖೆಯ ಕಡೆಯಿಂದ ಒಂದು ಯೋಜನೆ ಆರಂಭವಾಗಿದೆ. ರಾಶಿಯಲ್ಲಿದ್ದವೆಲ್ಲ ಕದ್ದವೆಂದು ನಾನು ಹೇಳಲಾರೆ. ಅಮ್ಮ ಒಂದನ್ನು ಎತ್ತಿಕೊಂಡಳು. ಬಿಳಿಯ ಮೇಲೆ ನೀಲಿಯಲ್ಲಿ ಒಂದು ಕೈ, ಮುಂಗೈವರೆಗೆ ಮಾತ್ರ. ಬೆರಳುಗಳು ಏನನ್ನೋ ಹಿಡಿಯಲು ಚಾಚಿದ್ದವು. ಬೆಲೆ ಹೆಚ್ಚೇನಿರಲಿಲ್ಲ, ನಾನು ಪರ್ಸ್ ತೆಗೆದೂ ಆಗಿತ್ತು. ಅಮ್ಮ ಟೈಲನ್ನು ಮಗುಚಿ ನೋಡಿದಳು. ಬೆನ್ನಿಗೆ ಗಾರೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಒಂದು ಅಕ್ಷರ ಮತ್ತು ಒಂದು ಅಂಕಿ ಕಂಡವು.

"ಇದರ ಜಾಗ ಎಲ್ಲೋ ಖಾಲಿ ಇದೆ" ಎಂದಳು. ಎರಡೂ ಕೈಯಿಂದ ಅದನ್ನು ಮತ್ತೆ ರಾಶಿಯ ಮೇಲಿಟ್ಟು, ಸೆರಗಿಗೆ ಗಾರೆಯ ಪುಡಿ ಒರೆಸಿಕೊಂಡು ಟ್ರಾಮ್ ನಿಲ್ಲುವ ಕಡೆಗೆ ನಡೆದಳು.