ಬಟರ್ ಫ್ರೂಟ್ ಬಟ್ಟಲು

ಬೆಣ್ಣೆ ದೋಸೆ ಊರು ದಾವಣಗೆರೆಯಲ್ಲಿ ಬೆಳಗಿನ ತಿಂಡಿಗೆ ಹಣ್ಣು ರುಬ್ಬಿಕೊಂಡು ತಿಂದರೆ ಎಲ್ಲರದೂ ಒಂದೇ ಪ್ರಶ್ನೆ: ‘ಶುಗರ್ ಬಂತೇನ್ರೀ?’ ಆರಾಮಾಗಿರುವವರು ತಿಂಡಿ ಬದಲಿಸಿದರೆ ಯಾರೂ ನಂಬುವುದಿಲ್ಲ, ಅಲ್ವಾ?

ಈ ಬಟ್ಟಲಿಗೆ ಬಾಳೆಹಣ್ಣು ನಾನು ಹಾಕುವುದಿಲ್ಲ. 100 ಗ್ರಾಂನಲ್ಲಿ ಸುಮಾರು 23 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟ, ನಾರು ಎಲ್ಲಾ ಸೇರಿ). ಬಟರ್ ಫ್ರೂಟ್‌ನಲ್ಲಿ 9ರ ಹತ್ತಿರ, ಅದರಲ್ಲೂ ಜಾಸ್ತಿ ನಾರೇ. ಅರ್ಧ ಹಣ್ಣು, ನಾಲ್ಕೈದು ಸ್ಟ್ರಾಬೆರಿ ರಾತ್ರಿಯೇ ಹೆಚ್ಚಿ ಫ್ರೀಜರ್‌ಗೆ. ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟ ಗಟ್ಟಿ ಮೊಸರಿನ ಜೊತೆ ಮಿಕ್ಸಿಗೆ. ನೀರು ಬೇಡವೇ ಬೇಡ. ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಜಾರಿನ ಅಂಚಿಗೆ ಅಂಟಿದ್ದನ್ನು ಕೆಳಗೆ ತಳ್ಳಬೇಕು. ಚಮಚ ನೆಟ್ಟಗೆ ನಿಂತರೆ ಆಯಿತು.

ಮೇಲೆ ಗ್ರಾನೋಲಾ (ಸಿಹಿ ಬೆರೆಸಿ ಗರಿಗರಿ ಮಾಡಿದ ಓಟ್ಸ್) ಯಾಕೆ? ಚಳ್ಳಕೆರೆ ಕಡೆಯ ಶೇಂಗಾ ಹುರಿದು, ತರಿತರಿಯಾಗಿ ಕುಟ್ಟಿ ಉದುರಿಸಿ. ಸ್ವಲ್ಪ ಕಾಯಿತುರಿಯೂ ಇರಲಿ.