ಟಾರು ಕೊನೆಗೆ ಬೀಳಬೇಕು

ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಹೊಸದಾಗಿ ಟಾರು ಬಿದ್ದ ರಸ್ತೆಯನ್ನು ಮುಂದಿನ ಮಳೆಗಾಲದೊಳಗೆ ಜೆಸಿಬಿ ಬಗೆದು ಹಾಕಿದರೆ ಜನ ಬೈಯುವುದು ಗುತ್ತಿಗೆದಾರನನ್ನು. ಅವನ ಪಾಲು ಎಷ್ಟೇ ಇರಲಿ, ಮೂಲ ತಪ್ಪು ನಡೆದಿರುವುದು ಅದಕ್ಕೂ ಎಷ್ಟೋ ತಿಂಗಳು ಮೊದಲು, ವಾರ್ಡಿನ ಕ್ರಿಯಾ ಯೋಜನೆ, ಅಂದರೆ ಯಾವ ಕಾಮಗಾರಿಗೆ ಹಣ ಎನ್ನುವ ಪಟ್ಟಿ, ಬರೆಯುವಾಗ. ರಸ್ತೆ ಪಾಲಿಕೆಯ ಫೈಲು. ನೀರು, ಒಳಚರಂಡಿ ಜಲಮಂಡಳಿಯ ಫೈಲು. ಕೇಬಲ್ ಬೆಸ್ಕಾಂನದ್ದು, ಗ್ಯಾಸ್ ಪೈಪು ಇನ್ನೊಬ್ಬರದ್ದು. ಎಲ್ಲವೂ ಅದೇ ಇಪ್ಪತ್ತು ಅಡಿ ಓಣಿಗೆ ಬಂದಿಳಿಯುತ್ತವೆ, ಆದರೆ ಬೇರೆ ಬೇರೆ ವರ್ಷ. ಈ ಫೈಲುಗಳ ಸರದಿ ಸರಿಮಾಡದೆ ಟಾರಿನ ಗುಣಮಟ್ಟದ ಬಗ್ಗೆ ಎಷ್ಟು ಕೂಗಾಡಿದರೂ ಪ್ರಯೋಜನ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಗೋಜಲು ಶುರುವಾದದ್ದು 2007ರಲ್ಲಿ. ಆ ವರ್ಷ ಹಳೇ ಮಹಾನಗರ ಪಾಲಿಕೆಗೆ ಬೊಮ್ಮನಹಳ್ಳಿ, ಯಲಹಂಕ, ದಾಸರಹಳ್ಳಿಯಂಥ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ಸುತ್ತಲಿನ 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ಹಳ್ಳಿಗಳು ಪಾಲಿಕೆಗೆ ಬಂದವು, ಕಾವೇರಿ ನೀರು ಬರಲಿಲ್ಲ, ಒಳಚರಂಡಿಯೂ ಬರಲಿಲ್ಲ. ಬೋರ್‌ವೆಲ್, ಟ್ಯಾಂಕರ್ ಮತ್ತು ಶೌಚದ ಪಿಟ್ ನಂಬಿಕೊಂಡೇ ರೆವಿನ್ಯೂ ಬಡಾವಣೆಗಳು, ಅಂದರೆ ಕೃಷಿ ಜಮೀನಿನಲ್ಲಿ ಅನುಮೋದನೆ ಇಲ್ಲದೆ ಸೈಟು ಮಾಡಿದವು, ಎದ್ದವು. ಮತ ಕೇಳುವವರ ಕೈಯಲ್ಲಿ ಬೇಗ ಮಾಡಿ ತೋರಿಸಬಹುದಾದ ಕೆಲಸ ಟಾರೊಂದೇ ಆಗಿದ್ದರಿಂದ ಅದು ಮೊದಲು ಬಿತ್ತು. ಪೈಪುಗಳು ಆಮೇಲೆ ಬಂದವು. 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಆ ಹೊತ್ತಿಗೆ ಈ ಹಳ್ಳಿಗಳ ಎಷ್ಟೋ ಓಣಿಗಳು ಒಂದಕ್ಕಿಂತ ಹೆಚ್ಚು ಸಲ ಟಾರು ಕಂಡು, ಅಷ್ಟೇ ಸಲ ಅಗೆತವನ್ನೂ ಕಂಡಿದ್ದವು.

ಸರದಿ ಹೇಗಿರಬೇಕು ಎನ್ನುವುದನ್ನು ನಿರ್ಧರಿಸುವುದು ಆಳ. ಒಳಚರಂಡಿ ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಆಗಬೇಕು. ಅದರಲ್ಲಿ ನೀರು ಹರಿಯುವುದು ಪಂಪಿನಿಂದಲ್ಲ, ಇಳಿಜಾರಿನಿಂದ. ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗ ಸಿಗದಿದ್ದರೆ ಮರಳು, ಜಿಡ್ಡು ತಳದಲ್ಲಿ ಕೂತು ಲೈನ್ ಕಟ್ಟಿಕೊಳ್ಳುತ್ತದೆ. 150 ಮೀಟರಿಗೆ 1 ಮೀಟರ್ ಇಳಿಜಾರು ಕೊಟ್ಟರು ಅಂದುಕೊಳ್ಳಿ. ಸಮತಟ್ಟಾದ ನೆಲದಲ್ಲಿ 600 ಮೀಟರ್ ಉದ್ದದ ಲೈನ್ ಮೇಲ್ತುದಿಯಲ್ಲಿ 1 ಮೀಟರ್ ಆಳದಲ್ಲಿ ಶುರುವಾದರೆ ಕೆಳತುದಿಗೆ ಬರುವಾಗ 5 ಮೀಟರ್ ಆಳಕ್ಕಿಳಿದಿರುತ್ತದೆ. ಅಷ್ಟು ಆಳದ ಕಾಲುವೆಯನ್ನು ಕಿರಿದಾದ ಓಣಿಯಲ್ಲಿ ತೋಡಿದರೆ ರಸ್ತೆ ಎನ್ನುವುದು ಉಳಿಯುವುದೇ ಇಲ್ಲ. ಪಕ್ಕದ ಮಣ್ಣು ಕುಸಿಯದಂತೆ ಆಧಾರ ಕೊಡಬೇಕು, ಕಾಂಪೌಂಡಿನ ಪಾಯ ನೋಡಿಕೊಳ್ಳಬೇಕು. ಇದೆಲ್ಲ ಗೊತ್ತಿದ್ದೂ ಅದೇ ಓಣಿಗೆ ಹಿಂದಿನ ವರ್ಷ ಟಾರು ಮಂಜೂರು ಮಾಡುವುದು ಹಣ ಮಣ್ಣುಪಾಲು ಮಾಡಿದ ಹಾಗೆ.

ಇನ್ನೊಂದು ಮಾತು. ಕೆಳತುದಿಯ ಮುಖ್ಯ ಲೈನ್ ಮತ್ತು ಶುದ್ಧೀಕರಣ ಘಟಕ ಸಿದ್ಧವಿಲ್ಲದೆ ಮೇಲಿನ ಓಣಿಗಳಲ್ಲಿ ಪೈಪು ಹಾಕಿದರೆ ಅದು ಬರೀ ಹೂತಿಟ್ಟ ಪೈಪು. ಜನ ಕಾಯುವುದಿಲ್ಲ, ಸಂಪರ್ಕ ಕೊಟ್ಟುಕೊಂಡುಬಿಡುತ್ತಾರೆ. ಕೊನೆಯ ಚೇಂಬರ್ ತುಂಬಿ, ಕೊಳಕು ನೀರು ಮಳೆನೀರಿನ ಮೋರಿಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಆದ್ದರಿಂದ ಒಳಚರಂಡಿ ಕಾಮಗಾರಿ ಬಂತು ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಈ ಲೈನ್ ಯಾವ ಘಟಕಕ್ಕೆ ಹೋಗಿ ಸೇರುತ್ತದೆ, ನಡುವೆ ಎಲ್ಲಿ ಕಡಿದಿದೆ?

ಒಳಚರಂಡಿಯ ಮೇಲೆ ನೀರಿನ ಪೈಪು. ನೀರು, ಒಳಚರಂಡಿ ಕೆಲಸಗಳಿಗೆ ಮಾರ್ಗಸೂಚಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪಿಎಚ್‌ಇಇಒದ ಕೈಪಿಡಿಯ ಪ್ರಕಾರ ಇವೆರಡರ ನಡುವೆ ಅಡ್ಡಲಾಗಿ 3 ಮೀಟರ್ ಅಂತರ ಇರಬೇಕು, ಒಂದನ್ನೊಂದು ದಾಟುವ ಕಡೆ ನೀರಿನ ಪೈಪು ಅರ್ಧ ಮೀಟರಾದರೂ ಮೇಲಿರಬೇಕು. ನಮ್ಮ ಓಣಿಗಳಲ್ಲಿ 3 ಮೀಟರ್ ಸಿಗುವುದು ಕಷ್ಟ. ಹಾಗಿದ್ದಾಗ ಎರಡನ್ನೂ ರಸ್ತೆಯ ಎರಡು ಬದಿಗೆ ಹಾಕಿ, ನೀರಿನದ್ದನ್ನು ಮೇಲಕ್ಕೆ ಇಟ್ಟುಕೊಳ್ಳಬೇಕು. ಒಂದೇ ಕಾಲುವೆಯಲ್ಲಿ ಎರಡನ್ನೂ ಮಲಗಿಸಿದರೆ ಅಗೆತದ ಖರ್ಚು ಉಳಿಯುತ್ತದೆ ನಿಜ. ಆದರೆ ನೀರು ಬಿಡುವುದು ದಿನ ಬಿಟ್ಟು ದಿನ. ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಜಾಯಿಂಟ್ ಸಡಿಲವಾಗಿದ್ದ ಕಡೆ ಹೊರಗಿನ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ನಲ್ಲಿ ತಿರುಗಿಸಿದ ಮೊದಲ ಐದು ನಿಮಿಷ ವಾಸನೆ ಬರುತ್ತದೆ ಎಂಬ ದೂರು ಇದ್ದಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಎಲ್ಲರೂ ಮರೆಯುವುದು ಮನೆ ಸಂಪರ್ಕವನ್ನು. ಮುಖ್ಯ ಲೈನ್ ಹಾಕಿ, ಪರೀಕ್ಷೆ ಮಾಡಿ, ಗುಂಡಿ ಮುಚ್ಚಿ, ಮೇಲೆ ಟಾರು ಹಾಕಿದ ಮೇಲೆ ಒಂದೊಂದೇ ಮನೆ ಅರ್ಜಿ ಹಾಕುತ್ತದೆ. ಪ್ರತಿ ಮನೆಗೂ ರಸ್ತೆಗೆ ಅಡ್ಡಲಾಗಿ ಒಂದು ಸೀಳು. ಉದ್ದುದ್ದ ಅಗೆತಕ್ಕಿಂತ ಈ ಅಡ್ಡ ಸೀಳುಗಳೇ ರಸ್ತೆಗೆ ಹೆಚ್ಚು ಕೆಟ್ಟವು, ಏಕೆಂದರೆ ಪ್ರತಿ ಗಾಡಿಯ ಪ್ರತಿ ಚಕ್ರವೂ ಅವನ್ನು ಹಾಯಲೇಬೇಕು. ಪರಿಹಾರ ಸುಲಭ: ಟಾರಿಗೆ ಮೊದಲು ಪ್ರತಿ ಸೈಟಿಗೂ, ಖಾಲಿ ಸೈಟಿಗೂ ಸೇರಿಸಿ, ನೀರಿನದ್ದೊಂದು, ಒಳಚರಂಡಿಯದ್ದೊಂದು ತುಂಡು ಪೈಪನ್ನು ಕಾಂಪೌಂಡಿನ ಅಂಚಿನವರೆಗೆ ಎಳೆದು, ಮುಚ್ಚಳ ಹಾಕಿ, ಗುರುತಿಟ್ಟು ಬಿಡುವುದು. ಅರ್ಜಿ ಬಂದಾಗ ಮುಚ್ಚಳ ತೆಗೆದು ಮೀಟರ್ ಕೂರಿಸಿದರೆ ಆಯಿತು. ಇದು ಎಸ್ಟಿಮೇಟ್‌ನಲ್ಲಿ ಒಂದು ಸಾಲು. ಅದು ಇಲ್ಲದಿದ್ದರೆ ಟೆಂಡರಿಗೆ ಮೊದಲೇ ಸೇರಿಸಲು ಕೇಳಬೇಕು, ಕಾರ್ಯಾದೇಶ ಹೋದ ಮೇಲೆ ಯಾರೂ ಸೇರಿಸುವುದಿಲ್ಲ. ಹಾಗೆಯೇ ಮುಂದೆ ಬರುವ ಕೇಬಲ್‌ಗಳಿಗೆಂದು ಪ್ರತಿ ತಿರುವಿನಲ್ಲಿ ರಸ್ತೆಯಡಿ ಎರಡು ಮೂರು ಖಾಲಿ ಪೈಪು ಹೂತಿಡುವುದು.

ಗುಂಡಿ ಮುಚ್ಚುವ ಕ್ರಮವನ್ನು ನಿಂತು ನೋಡಬೇಕು. ಪೈಪಿನ ಕೆಳಗೂ ಸುತ್ತಲೂ ಎಂ-ಸ್ಯಾಂಡ್, ಅದರ ಮೇಲೆ ಕಲ್ಲಿಲ್ಲದ ಮಣ್ಣು, 15ರಿಂದ 20 ಸೆಂಟಿಮೀಟರಿನ ಒಂದೊಂದು ಪದರ, ಪ್ರತಿ ಪದರಕ್ಕೂ ಹದವಾಗಿ ನೀರು ಮತ್ತು ರ‍್ಯಾಮರ್ ಏಟು. ನಿಜದಲ್ಲಿ ನಡೆಯುವುದು ಏನೆಂದರೆ, ತೋಡಿದ ಮಣ್ಣು, ಕಲ್ಲು, ಹಳೇ ಟಾರಿನ ಚಕ್ಕೆ ಎಲ್ಲವನ್ನೂ ಜೆಸಿಬಿ ಒಂದೇ ಸಲ ಒಳಗೆ ತಳ್ಳಿ, ಮೇಲೆ ಬಕೆಟ್‌ನಿಂದ ತಟ್ಟಿ ಹೋಗುತ್ತದೆ. ಒಂದೂವರೆ ಮೀಟರ್ ಸಡಿಲ ಮಣ್ಣು ಮಳೆ ನೀರು ಕುಡಿದು ಇಳಿಯಲೇಬೇಕು, ಇಳಿಯುತ್ತದೆ. ಹಾಗಾಗಿ ಆಳದ ಅಗೆತವಾದ ಓಣಿಗೆ ತಕ್ಷಣ ಟಾರು ಬೇಡ ಎಂದು ಬಡಾವಣೆಯವರೇ ಹೇಳಬೇಕು. ಗುಂಡಿಯ ಮೇಲಿನ 30 ಸೆಂಟಿಮೀಟರಿಗೆ ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ, ಪುಡಿ) ಹಾಕಿ ರೋಲರ್ ಹೊಡೆಸಿ, ಒಂದು ಮಳೆಗಾಲ ಹಾಗೇ ಬಿಟ್ಟು, ಇಳಿದ ಕಡೆ ಮತ್ತೆ ತುಂಬಿಸಿ, ಆಮೇಲೆ ಟಾರು. ಧೂಳಿನ ನಾಲ್ಕು ತಿಂಗಳು ಕಷ್ಟವೇ, ಮಕ್ಕಳಿಗೂ ವಯಸ್ಸಾದವರಿಗೂ ಇನ್ನೂ ಕಷ್ಟ. ದಿನಕ್ಕೆರಡು ಸಲ ನೀರು ಚಿಮುಕಿಸುವ ಷರತ್ತನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ.

ಮಳೆನೀರಿನ ಚರಂಡಿಯದ್ದು ಬೇರೆಯೇ ಕಥೆ. ಚರಂಡಿ ಎಲ್ಲಿ ಶುರುವಾಗುತ್ತದೆ ಎನ್ನುವುದಕ್ಕಿಂತ ಎಲ್ಲಿ ಮುಗಿಯುತ್ತದೆ ಎಂದು ನೋಡಬೇಕು. ಎಷ್ಟೋ ಬಡಾವಣೆಗಳಲ್ಲಿ ಅದು ಒಂದು ಖಾಲಿ ಸೈಟಿನಲ್ಲಿ ಮುಗಿಯುತ್ತದೆ. ಅಲ್ಲಿ ಮನೆ ಏಳುವ ವರ್ಷ ಹಿಂದಿನ ಬೀದಿ ಮುಳುಗುತ್ತದೆ. ಬೆಂಗಳೂರಿನ ಕೆರೆಗಳು ಸರಪಳಿಯವು, ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ನಿಮ್ಮ ಸರ್ವೆ ನಂಬರಿನಲ್ಲಿ ಹಳ್ಳ ಹಾದಿದೆಯೇ ಎಂದು ನೋಡಲು ಸರ್ಕಾರದ ದಿಶಾಂಕ್ ಆ್ಯಪ್ ಸಾಕು, ಹಳೇ ಗ್ರಾಮ ನಕ್ಷೆಯನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ತೋರಿಸುತ್ತದೆ. ಪಹಣಿಯಲ್ಲಿ ಬಿ ಖರಾಬು ಎಂದಿದ್ದರೆ ಅದು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಜಾಗ, ಯಾರ ಸೈಟೂ ಅಲ್ಲ. ಇನ್ನು ಮನೆ ಮುಂದಿನ ಕಾಂಕ್ರೀಟ್ ರ‍್ಯಾಂಪು ಚರಂಡಿಯ ಬಾಯಿ ಮುಚ್ಚಿದ್ದರೆ ಪಾಲಿಕೆ ಎಷ್ಟು ದೊಡ್ಡ ಚರಂಡಿ ಕಟ್ಟಿದರೂ ನೀರು ರಸ್ತೆಯಲ್ಲೇ ನಿಲ್ಲುತ್ತದೆ. ಅದನ್ನು ಒಡೆಯಲು ಬಂದಾಗ ಅಡ್ಡ ನಿಲ್ಲಬೇಡಿ.

ಈಗ ಟಾರು. ಪದರದ ಲೆಕ್ಕ ಗೊತ್ತಿದ್ದರೆ ಮೋಸ ಹಿಡಿಯುವುದು ಸುಲಭ. ಎಸ್ಟಿಮೇಟ್‌ನಲ್ಲಿ 100 ಮೀಟರ್ ಉದ್ದ, 5.5 ಮೀಟರ್ ಅಗಲ, 40 ಮಿಲಿಮೀಟರ್ ಮೇಲ್ಪದರ ಎಂದಿದ್ದರೆ ಒಟ್ಟು 22 ಘನ ಮೀಟರ್. ರೋಲರ್ ಹೊಡೆದ ಮಿಶ್ರಣ ಘನ ಮೀಟರಿಗೆ ಸುಮಾರು 2.35 ಟನ್ ತೂಗುತ್ತದೆ, ಅಂದರೆ 52 ಟನ್ ಹತ್ತಿರ. 10 ಟನ್ನಿನ ಟಿಪ್ಪರ್ ಐದು ಲೋಡು ಬರಬೇಕು. ಮೂರೇ ಬಂದರೆ ತೂಕದ ಚೀಟಿ ಕೇಳಿ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಣ್ಣಗಾಗಿ ಬಂದ ಲೋಡು ಹಾಸಿದ ಜಾಗವೇ ಮೊದಲು ಜಲ್ಲಿ ಕಕ್ಕುವುದು. ಹಳೇ ಟಾರನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ ಪ್ರತಿ ಸಲ ರಸ್ತೆ 4 ಸೆಂಟಿಮೀಟರ್ ಏರುತ್ತದೆ, ಹಳೇ ಮನೆಗಳ ಹೊಸ್ತಿಲು ಅಷ್ಟೇ ತಗ್ಗಿಗೆ ಹೋಗುತ್ತದೆ, ಮ್ಯಾನ್‌ಹೋಲ್ ಮುಚ್ಚಳಗಳು ಟಾರಿನಡಿ ಹೂತುಹೋಗುತ್ತವೆ.

ಇದನ್ನೆಲ್ಲ ಎಲ್ಲಿ, ಯಾವಾಗ ಹೇಳುವುದು? 2015ರಲ್ಲಿ ಆಯ್ಕೆಯಾದ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ, ವಾರ್ಡಿನ ಮಾತು ಅಧಿಕಾರಿಗಳ ಮೇಜಿಗೇ ಹೋಗಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು, ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬೋರ್ಡು ಬದಲಾದರೂ ರಸ್ತೆ ಪಾಲಿಕೆಯದ್ದೇ, ಪೈಪು ಜಲಮಂಡಳಿಯದ್ದೇ. ಅಗೆತದ ಅನುಮತಿಗೆಂದು ಬಿಬಿಎಂಪಿ ಕಾಲದಲ್ಲೇ ಎಲ್ಲ ಇಲಾಖೆಗಳಿಗೂ ಒಂದೇ ಆನ್‌ಲೈನ್ ವ್ಯವಸ್ಥೆ, ಮಾರ್ಕ್ಸ್ ಎನ್ನುವುದು, ಬಂದಿತ್ತು. ಅದರ ಉದ್ದೇಶ ಒಳ್ಳೆಯದು, ಆದರೆ ಅದು ಅಗೆಯಲು ಹೊರಟವರನ್ನು ನಿಯಂತ್ರಿಸುತ್ತದೆಯೇ ಹೊರತು ಟಾರು ಹಾಕಲು ಹೊರಟವರನ್ನು ತಡೆಯುವುದಿಲ್ಲ.

ಹಾಗಾಗಿ ಕ್ರಿಯಾ ಯೋಜನೆಯ ಹಂತದಲ್ಲೇ ಒಂದು ಪುಟದ ಮನವಿ ಕೊಡಿ, ಪಾಲಿಕೆಯ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಮತ್ತು ಜಲಮಂಡಳಿಯ ಎಇಇ ಇಬ್ಬರ ಹೆಸರಿಗೂ ಒಂದೇ ಕಾಗದ, ಎರಡೂ ಕಡೆ ಸ್ವೀಕೃತಿ ಮೊಹರು. ಅದರಲ್ಲಿ ಅಡ್ಡರಸ್ತೆವಾರು ನಾಲ್ಕು ಕಲಂ ಸಾಕು: ಒಳಚರಂಡಿ ಆಗಿದೆಯೇ, ನೀರು ಆಗಿದೆಯೇ, ಮನೆ ಸಂಪರ್ಕ ಎಷ್ಟು ಬಾಕಿ, ಕೇಬಲ್ ಬಾಕಿ ಇದೆಯೇ. ಮೊದಲ ಮೂರು ಕಲಂ ಪೂರ್ತಿಯಾಗದ ಅಡ್ಡರಸ್ತೆಗೆ ಟಾರು ಬೇಡ, ಆ ಹಣವನ್ನು ಪೂರ್ತಿಯಾದ ರಸ್ತೆಗೆ ಕೊಡಿ ಎಂದು ಬರೆಯಿರಿ. ನಮ್ಮ ರಸ್ತೆಗೆ ಟಾರು ಬೇಡ ಎಂದು ಬರೆದ ಕಾಗದ ಕಚೇರಿಗೆ ಅಪರೂಪ, ಅದನ್ನು ಓದುತ್ತಾರೆ. ಟೆಂಡರ್ ಬಂತೇ ಎಂದು ರಾಜ್ಯ ಸರ್ಕಾರದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ನೋಡುತ್ತಿರಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 'ರಸ್ತೆ ಯಾಕೆ ಕೆಟ್ಟಿದೆ' ಎಂದು ಕೇಳಿದರೆ ಏನೂ ಬರುವುದಿಲ್ಲ, ದಾಖಲೆಯ ಹೆಸರು ಹೇಳಿ ಕೇಳಬೇಕು: ಕ್ರಿಯಾ ಯೋಜನೆ, ಎಸ್ಟಿಮೇಟ್, ಕಾರ್ಯಾದೇಶ, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪುಟಗಳು. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕಾರ್ಯಾದೇಶದಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಷ್ಟು ಎಂದು ಮೊದಲು ನೋಡಿ. ಆ ಅವಧಿಯಲ್ಲಿ ಕಿತ್ತುಬಂದ ರಸ್ತೆಯನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಆದರೆ ನಡುವೆ ಇನ್ನೊಂದು ಇಲಾಖೆ ಒಂದೇ ಒಂದು ಸೀಳು ಹಾಕಿದ್ದರೂ ಅವನು ಅದನ್ನೇ ತೋರಿಸಿ ಕೈ ತೊಳೆದುಕೊಳ್ಳುತ್ತಾನೆ. ಅದಕ್ಕೇ ಟಾರು ಹಾಕಿದ ವಾರವೇ ಇಡೀ ಓಣಿಯ ಫೋಟೊ ತೆಗೆದಿಡಿ. ಮುಂದೆ ಯಾರಾದರೂ ಅಗೆದರೆ ಸೀಳಿನ ಉದ್ದ ಅಗಲ, ಎಷ್ಟನೇ ಮನೆಯ ಮುಂದೆ, ಯಾವ ದಿನ ಎಂದು ಬರೆದು ಅದೇ ದಿನ ಎಇಇಗೆ ಕಳಿಸಿ. ಆಗ ಉಳಿದ ರಸ್ತೆ ಕಿತ್ತುಬಂದರೆ ಅದು ಆ ಸೀಳಿನಿಂದ ಆದದ್ದಲ್ಲ ಎಂದು ತೋರಿಸಲು ನಿಮ್ಮ ಹತ್ತಿರ ಕಾಗದ ಇರುತ್ತದೆ.